ಪಾರೆಯ ಮೇಲೆ ಗಿಡ ನೆಡಿಸಲೇ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರ ನಮ್ಮದೊಂದು ಅಡಿಕೆ ಹಾಳೆತಟ್ಟೆ ಘಟಕ ಇದೆ. ಹದಿನಾಲ್ಕು ಜನ ಕೆಲಸ ಮಾಡುತ್ತಾರೆ. ಲಾಭದಲ್ಲಿ ಸ್ವಲ್ಪವನ್ನು ಕಾಡು ಬೆಳೆಸಲು ಕೊಡುವ ಆಸೆ. ಒಬ್ಬರು ಬಂದು, ‘ಗಿಡಕ್ಕೆ ಇಷ್ಟು ಅಂತ ಕೊಡಿ, ಪರಿಸರ ದಿನಕ್ಕೆ ನಾವೇ ನೆಟ್ಟು ಸರ್ಟಿಫಿಕೇಟ್ ಕೊಡುತ್ತೇವೆ’ ಅಂದರು. ನಮ್ಮ ಮೂರು ಎಕರೆ ಬೋಳು ಪಾರೆ (ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಬಯಲು) ಇದೆ, ಕೆಳಗೆ ತೋಡು (ಸಣ್ಣ ಹಳ್ಳ). ಅಲ್ಲೇ ನೆಡಿಸಲೇ? ಲಾಭದ ಶೇ. 2 ಕೊಡಲೇಬೇಕೆಂಬ ಕಾನೂನು ನಮಗೂ ಇದೆಯೇ?

ಉತ್ತರ: ಕಾನೂನಿನ ಮಾತು ಮೊದಲು ಮುಗಿಸೋಣ ಅಕ್ಕಾ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ದೊಡ್ಡ ಕಂಪನಿಗಳಿಗೆ. ವರ್ಷಕ್ಕೆ 5 ಕೋಟಿ ನಿವ್ವಳ ಲಾಭ, ಇಲ್ಲವೇ 1000 ಕೋಟಿ ವಹಿವಾಟು, ಇಲ್ಲವೇ 500 ಕೋಟಿ ನಿವ್ವಳ ಮೌಲ್ಯ ಇದ್ದವರು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2 ಖರ್ಚು ಮಾಡಬೇಕು. ನಿಮ್ಮದು ಅದರೊಳಗೆ ಬರುವುದಿಲ್ಲ. ನೀವು ಮನಸ್ಸಿನಿಂದ ಕೊಡುತ್ತಿದ್ದೀರಿ. ಹಾಗಾಗಿ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನೀವೇ ನೋಡಿಕೊಳ್ಳಿ.

ಬದಿಯಡ್ಕದ ಹತ್ತಿರ 22 ವರ್ಷದಿಂದ ಸಸಿ ಮಾಡುತ್ತಿದ್ದೇನೆ. ಪ್ರತಿ ಮೇ ಕೊನೆಗೆ ಫೋನು ಬರುತ್ತದೆ: ‘ಜೂನ್ 5ಕ್ಕೆ ಐನೂರು ಗಿಡ ಬೇಕು, ಯಾವುದಾದರೂ ಆದೀತು.’ ನಮ್ಮ ಮರಗಳು ಹಾಗೆ ಸಿಗುವುದಿಲ್ಲ. ಧೂಪ, ಹಲಸು, ಹೆಬ್ಬಲಸಿನ ಬೀಜ ಒಣಗಿಸಿ ಡಬ್ಬಿಯಲ್ಲಿಟ್ಟರೆ ಸತ್ತೇ ಹೋಗುತ್ತದೆ. ಬಿದ್ದ ಕೆಲವೇ ದಿನಗಳಲ್ಲಿ ಮಣ್ಣಿಗೆ ಹಾಕಬೇಕು. ಕೇಳಿದ ವಾರದಲ್ಲೇ ಸಿಗುವುದು ಆಸ್ಟ್ರೇಲಿಯಾದ ಅಕೇಶಿಯಾ, ಮಡಗಾಸ್ಕರಿನ ಗುಲ್‌ಮೊಹರ್.

ಒಂದು ಕಂಪನಿಯವರು ರಸ್ತೆಬದಿಯಲ್ಲಿ ನೆಟ್ಟ ಸಾಲನ್ನು ಮುಂದಿನ ಏಪ್ರಿಲ್‌ನಲ್ಲಿ ನೋಡಲು ಹೋಗಿದ್ದೆ. ಒಣಗಿದ ಒಂದು ಗಿಡ ಎಳೆದೆ, ಸುಲಭದಲ್ಲಿ ಬಂತು. ಬುಡಕ್ಕೆ ಸಸಿಯ ಪ್ಲಾಸ್ಟಿಕ್ ತೊಟ್ಟೆ ಅರ್ಧ ಹಾಗೇ ಅಂಟಿತ್ತು. ಒಳಗೆ ಬೇರು ಚಕ್ಕುಲಿಯ ಹಾಗೆ ಸುತ್ತಿಕೊಂಡಿತ್ತು, ಒಂದು ಎಳೆಯೂ ಹೊರಗಿನ ಮಣ್ಣು ಮುಟ್ಟಿರಲಿಲ್ಲ. ತುಂಬಾ ಬೇಜಾರಾಯಿತು. ಗುಂಡಿ, ಬ್ಯಾನರ್, ಫೋಟೋ ಎಲ್ಲದಕ್ಕೂ ದುಡ್ಡಿತ್ತು. ಬೇಸಗೆಯ ನೀರಿಗೆ ಮಾತ್ರ ಯಾರೂ ಕೊಟ್ಟಿರಲಿಲ್ಲ.

ಇನ್ನು ನಿಮ್ಮ ಪಾರೆ. ದಯವಿಟ್ಟು ಅದರ ಮೇಲೆ ಗಿಡ ನೆಡಬೇಡಿ. ಅದು ಬೋಳು ಅಂತ ಕಾಣುವುದು ಬೇಸಗೆಯಲ್ಲಿ ಮಾತ್ರ. ಮಳೆಗಾಲದಲ್ಲಿ ಒಮ್ಮೆ ಅಲ್ಲಿ ಕೂತು ನೋಡಿ. ಮುರಕಲ್ಲಿನ ಗುಳಿಗಳಲ್ಲಿ ನೀರು ನಿಂತ ಕಡೆ ಬೆರಳುಗುರಿನಷ್ಟು ನೀಲಿ ಹೂ ಹಾಸಿರುತ್ತದೆ. ಓಣಂ ಹೊತ್ತಿಗೆ ಮಕ್ಕಳು ಕೊಯ್ಯುವ ಕಾಕ್ಕಪ್ಪೂವು ಅದೇ. ಮಣ್ಣೊಳಗಿನ ಪುಟ್ಟ ಚೀಲಗಳಲ್ಲಿ ಅದು ಹುಳ ಹಿಡಿದು ತಿನ್ನುತ್ತದೆ. ಸಾರವಿಲ್ಲದ, ಬಿಸಿಲು ಬೀಳುವ ಜಾಗವೇ ಅದಕ್ಕೆ ಬೇಕು. ಅಕೇಶಿಯಾ ನೆರಳು ಬಿದ್ದರೆ ಮುಗಿಯಿತು. ಮೇಲಿನ ಬಿರುಕುಗಳಲ್ಲಿ ಇಳಿದ ಮಳೆನೀರೇ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ನಮ್ಮ ಸುರಂಗಗಳಿಗೂ ಬರುವುದು, ಅಲ್ವಾ? ಪಾರೆಗೆ ನೀವು ಮಾಡಬೇಕಾದದ್ದು ಇಷ್ಟೇ: ಕಲ್ಲು ಕೋರೆಗೆ ಕೊಡಬೇಡಿ, ಬೆಂಕಿ ಬೀಳದ ಹಾಗೆ ನೋಡಿಕೊಳ್ಳಿ.

ನೆಡುವುದಾದರೆ ತೋಡಿನ ಬದಿಯಲ್ಲಿ ನೆಡಿ. ನೀರಿನ ಅಂಚಿಗೆ ಕೇದಗೆ, ಹೊಂಗೆ. ಸ್ವಲ್ಪ ಮೇಲೆ ನೇರಳೆ, ಪುನರ್ಪುಳಿ, ಕಿರಾಲಭೋಗಿ. ಒಂದೆರಡು ಕಾಸರಕವೂ ಇರಲಿ. ಬೀಜ ವಿಷ ಅಂತ ನಮ್ಮವರು ಕಡಿಯುತ್ತಾರೆ. ಆದರೆ ಮಂಗಟ್ಟೆ ಹಕ್ಕಿ ಅದರ ಹಣ್ಣು ತಿನ್ನುತ್ತದೆ. ನಮ್ಮ ಜಿಲ್ಲೆಯ ಮರ ಅಂತ ಘೋಷಣೆ ಆಗಿರುವುದೂ ಅದೇ.

ನೂರು ಗಿಡ ಸಾಕು. ಐನೂರು ಬೇಡ. ಉಳಿದ ದುಡ್ಡನ್ನು ಮೂರು ಬೇಸಗೆಗೆ ಎತ್ತಿಡಿ. ನಿಮ್ಮ ಘಟಕದ ಒಬ್ಬ ಹೆಂಗಸಿಗೆ ಜನವರಿಯಿಂದ ಮಳೆ ಬರುವವರೆಗೆ ವಾರಕ್ಕೆ ಎರಡು ದಿನದ ಸಂಬಳ ಕೊಟ್ಟು ನೀರು ಹಾಕಿಸಿ, ಬುಡದ ಹುಲ್ಲು ತೆಗೆಸಿ. ತಟ್ಟೆ ಕತ್ತರಿಸಿ ಉಳಿದ ಹಾಳೆ ಚೂರು ಬುಡಕ್ಕೆ ಮುಚ್ಚಿದರೆ ತೇವ ಜಾಸ್ತಿ ದಿನ ನಿಲ್ಲುತ್ತದೆ.

ಬೀಜಕ್ಕೆ ಹತ್ತಿರದ ನಾಗಬನವೇ ಒಳ್ಳೆಯದು. ಬನದ ಮನೆಯವರನ್ನು ಕೇಳಿ, ಬಿದ್ದದ್ದನ್ನು ಮಾತ್ರ, ಅದರಲ್ಲೂ ಅರ್ಧ ಅಲ್ಲೇ ಬಿಟ್ಟು ಹೆಕ್ಕಿ. ಮುಂದಿನ ಜೂನ್‌ಗೆ ಗಿಡ ಬೇಕಾದರೆ ಬೀಜ ಈ ಮಳೆಗೇ ತೊಟ್ಟೆಗೆ ಬೀಳಬೇಕು. ಈ ವಾರವೇ ಹೋಗಿ ಮಾತಾಡಿ.