ಸಂಪಾದಕರ ಉತ್ತರ: ಹೆಂಡತಿಗೆ ಹೇಳದೆ ಆಪರೇಷನ್ನಾ?

"ಸಂಪಾದಕರೇ, ನನಗೆ 59 ವರ್ಷ. ಶುಗರ್ ಶುರುವಾಗಿ ಹದಿನೈದು ವರ್ಷ ಆಯಿತು. ನಾಲ್ಕು ವರ್ಷದಿಂದ ನಿಮಿರುವಿಕೆ ಪೂರ್ತಿ ನಿಂತಿದೆ. ಮಾತ್ರೆ ನಾಟಲಿಲ್ಲ. ಈಗ ಡಾಕ್ಟರು ಇಂಪ್ಲಾಂಟ್ ಹಾಕಿಸಿಕೊಳ್ಳಿ ಎನ್ನುತ್ತಿದ್ದಾರೆ. ಮನೆಯವಳಿಗೆ ಹೇಳಿಲ್ಲ, ಹರ್ನಿಯಾ ಅಂತ ಹೇಳಿ ಮಾಡಿಸಿಕೊಳ್ಳೋಣ ಅಂದುಕೊಂಡಿದ್ದೇನೆ. ಗೆಳೆಯನೊಬ್ಬನಿಗೆ ಹೇಳಿದರೆ, ಮೊಮ್ಮಕ್ಕಳನ್ನು ಆಡಿಸುವ ವಯಸ್ಸಲ್ಲಿ ಇದೆಂಥ ಹುಚ್ಚು ಅಂತ ಬೈದ. ನೀವೇನು ಹೇಳ್ತೀರಿ? ಹೆಸರು ಹಾಕಬೇಡಿ."
– ಓದುಗ, ಡೊಂಬಿವಿಲಿ

ಹೆಸರು ಹಾಕಿಲ್ಲ ಸರ್. ಊರು ಮಾತ್ರ ಹಾಕಿದ್ದೇನೆ. ಡೊಂಬಿವಿಲಿಯಲ್ಲಿ ನಿಮ್ಮ ವಯಸ್ಸಿನ, ಶುಗರ್ ಇರುವ ಕನ್ನಡಿಗರು ಎಷ್ಟು ಜನ ಇದ್ದಾರೆಂದರೆ, ನಿಮ್ಮನ್ನು ಯಾರೂ ಗುರುತು ಹಿಡಿಯಲಾರರು. ಅವರಲ್ಲಿ ಒಂದಷ್ಟು ಮಂದಿ ಇದು ನಾನೇ ಬರೆದ ಹಾಗಿದೆಯಲ್ಲ ಅಂದುಕೊಂಡರೂ ಆಶ್ಚರ್ಯವಿಲ್ಲ.

ನಿಮ್ಮ ಗೆಳೆಯರ ಮಾತನ್ನು ಮೊದಲು ಮುಗಿಸಿಬಿಡೋಣ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ವಯಸ್ಸಾದ ಹಾಗೆ ಆ ಆಸೆ ತಾನಾಗಿ ಕಡಿಮೆಯಾದ ಗಂಡ ಹೆಂಡಿರು ಎಷ್ಟೋ ಜನ ಇದ್ದಾರೆ, ಇಬ್ಬರೂ ನೆಮ್ಮದಿಯಾಗಿದ್ದರೆ ಸುಮ್ನೆ ಕತ್ತರಿ ಹಾಕಿಸಿಕೊಳ್ಳುವ ಅಗತ್ಯ ಏನೂ ಇಲ್ಲ. ಒಪ್ಪಿದೆ. ಆದರೆ ಅದೇ ಗೆಳೆಯರು ಮಂಡಿ ಬದಲಾಯಿಸಿಕೊಂಡವರನ್ನು ನೋಡೋಕೆ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋಗುತ್ತಾರೆ ಅಲ್ವಾ? ಈ ವಯಸ್ಸಲ್ಲಿ ನಡೆದಾಡುವ ಹುಚ್ಚು ಯಾಕೆ ಅಂತ ಅಲ್ಲಿ ಕೇಳುವುದಿಲ್ಲ. ಶುಗರಿನಿಂದ ಕಣ್ಣು ಹೋದರೆ ಕಾಯಿಲೆ, ಕಿಡ್ನಿ ಹೋದರೆ ಕಾಯಿಲೆ, ಇದು ಹೋದರೆ ಮಾತ್ರ ಚಪಲ. ಈ ಲೆಕ್ಕ ನನಗೆ ಯಾವತ್ತೂ ಅರ್ಥ ಆಗಿಲ್ಲ.

ಪರಿಚಯದ ಯೂರಾಲಜಿಸ್ಟ್ (ಮೂತ್ರಾಂಗ, ಜನನಾಂಗದ ತೊಂದರೆ ನೋಡುವ ಡಾಕ್ಟರು) ಒಬ್ಬರು ಒಮ್ಮೆ ಮೇಜಿನ ಡ್ರಾಯರಿನಿಂದ ಇಂಪ್ಲಾಂಟಿನ ಮಾದರಿ ತೆಗೆದು ನನ್ನ ಕೈಗಿಟ್ಟರು. ಎರಡು ಉದ್ದನೆಯ ಕೊಳವೆ, ಒಂದು ಪುಟ್ಟ ಚೀಲ, ನಡುವೆ ಬೆರಳ ತುದಿಗೆ ಸಿಗುವ ಮೆತ್ತನೆಯ ಪಂಪು. ಕೊಳವೆಗಳು ಲಿಂಗದ ಒಳಗೆ, ಉಪ್ಪುನೀರಿನ ಚೀಲ ಕಿಬ್ಬೊಟ್ಟೆಯಲ್ಲಿ, ಪಂಪು ವೃಷಣ ಚೀಲದಲ್ಲಿ. ನಾಲ್ಕಾರು ಸಲ ಒತ್ತಿದೆ, ಜೋತು ಬಿದ್ದಿದ್ದ ಕೊಳವೆಗಳು ನೋಡ್ತಾ ನೋಡ್ತಾ ಬಿರುಸಾದವು. ಪಕ್ಕದ ಗುಂಡಿ ಒತ್ತಿದರೆ ನೀರು ವಾಪಸ್ ಚೀಲಕ್ಕೆ. ಹೊರಗೆ ಏನೂ ಕಾಣುವುದಿಲ್ಲ. ಗಂಡ ಹೆಂಡತಿ ಜೊತೆಯಾಗಿ ಬಂದರೆ ಗಂಡ ಗೋಡೆಯ ಕ್ಯಾಲೆಂಡರ್ ನೋಡ್ತಾ ಕೂರುತ್ತಾನೆ, ಪಂಪು ಕೈಗೆ ತಗೊಂಡು ಇದಕ್ಕೆ ಬ್ಯಾಟರಿ ಬೇಕಾ, ಕೆಟ್ಟರೆ ಏನು ಮಾಡೋದು, ನೋವಾಗುತ್ತಾ ಅಂತ ಕೇಳುವವಳು ಹೆಂಡತಿ ಅಂತ ಆ ಡಾಕ್ಟರು ನಕ್ಕರು. ಬ್ಯಾಟರಿ ಇಲ್ಲ.

ಇದೇನು ನಿನ್ನೆ ಮೊನ್ನೆ ಬಂದದ್ದಲ್ಲ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಬ್ರಾಂಟ್ಲಿ ಸ್ಕಾಟ್ ಎಂಬ ಸರ್ಜನ್ ಮತ್ತು ಜೊತೆಗಾರರು ನೀರು ತುಂಬುವ ಇಂಪ್ಲಾಂಟಿನ ವಿಷಯ ಪ್ರಕಟಿಸಿದ್ದು 1973ರಲ್ಲಿ. ಪಂಪಿಲ್ಲದೆ, ಬೇಕಾದಾಗ ಮೇಲಕ್ಕೆ ಬೇಡವಾದಾಗ ಕೆಳಕ್ಕೆ ಬಗ್ಗಿಸಿಕೊಳ್ಳುವ ಸರಳ ನಮೂನೆಯೂ ಇದೆ. ಅದಕ್ಕೆ ಖರ್ಚು ತುಂಬಾ ಕಡಿಮೆ, ಆದರೆ ಸದಾ ಗಟ್ಟಿಯಾಗೇ ಇರುತ್ತದೆ. ನಮ್ಮ ಮುಂಬಯಿಯ ಡಾ. ರೂಪಿನ್ ಶಾಹ್ ರೂಪಿಸಿದ, ಅವರ ಹೆಸರಿನದೇ ದೇಸಿ ಇಂಪ್ಲಾಂಟ್ ಈ ಜಾತಿಯದು. ಹೊರದೇಶದ ಪಂಪಿನದ್ದಕ್ಕೆ ಲಕ್ಷಗಟ್ಟಲೆ ಬೇಕು. ಅಂದರೆ ಪರಿಹಾರ ನಮ್ಮ ಊರಲ್ಲೇ ಕೂತಿದೆ, ನಾವು ಅದನ್ನು ಹರ್ನಿಯಾ ಅಂತ ಕರೆಯೋಕೆ ಹೊರಟಿದ್ದೇವೆ.

ಹಾಗಂತ ನಾಳೆಯೇ ಹೋಗಿ ಮಲಗಿಬಿಡಿ ಅಂತ ಹೇಳುತ್ತಿಲ್ಲ. ಒಮ್ಮೆ ಹಾಕಿಸಿದ ಮೇಲೆ ಹಿಂದಿನ ಸ್ಥಿತಿಗೆ ಬರೋಕಾಗಲ್ಲ, ಒಳಗಿನ ಅಂಗಾಂಶಕ್ಕೆ ಪೆಟ್ಟು ಬೀಳುವುದರಿಂದ ಇಂಪ್ಲಾಂಟ್ ತೆಗೆಸಿದರೂ ಸಹಜವಾಗಿ ನಿಮಿರುವುದು ಕಷ್ಟ. ಉದ್ದ ಜಾಸ್ತಿ ಆಗುತ್ತೆ ಅಂತ ಆಸೆ ಇಟ್ಟುಕೊಳ್ಳಬೇಡಿ, ಆಗುವುದಿಲ್ಲ, ಸ್ವಲ್ಪ ಕಡಿಮೆಯಾಯಿತು ಅನಿಸುವುದೇ ಹೆಚ್ಚು. ಸ್ಪರ್ಶ, ಸುಖ, ಸ್ಖಲನ ಸಾಮಾನ್ಯವಾಗಿ ಮೊದಲಿನಂತೆಯೇ ಇರುತ್ತದೆ. ಇಲ್ಲದ ಆಸೆಯನ್ನು ಮಾತ್ರ ಇದು ಹುಟ್ಟಿಸುವುದಿಲ್ಲ. ಸೋಂಕು ತಗುಲುವುದು ನೂರರಲ್ಲಿ ಒಬ್ಬಿಬ್ಬರಿಗೆ, ಹೆಚ್ಚೆಂದರೆ ಮೂವರಿಗೆ. ಆದರೆ ತಗುಲಿದರೆ ಸಾಮಾನ್ಯವಾಗಿ ಇಡೀ ಸಾಮಾನು ತೆಗೆಯಬೇಕು. ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ ಈ ಅಪಾಯ ಜಾಸ್ತಿ. ಹಾಗಾಗಿ ಮೊದಲು ನಿಮ್ಮ ಮೂರು ತಿಂಗಳ ಶುಗರ್ ಸರಾಸರಿ ನೋಡಿಸಿ. ಆಪರೇಷನ್ ಆದ ಮೇಲೆ ನಾಲ್ಕರಿಂದ ಆರು ವಾರ ತಾಳ್ಮೆ ಬೇಕು.

ಮಾತ್ರೆ ನಾಟಲಿಲ್ಲ ಅಂದಿರಿ. ಹೇಗೆ ತಗೊಂಡಿರಿ? ರಾತ್ರಿ ಹೊಟ್ಟೆ ತುಂಬ ಊಟ ಹೊಡೆದು, ಸಿಲ್ಡೆನಾಫಿಲ್ (ವಯಾಗ್ರದಲ್ಲಿರುವ ಔಷಧಿ) ನುಂಗಿ, ಟಿವಿ ನೋಡ್ತಾ ಕಾದರೆ ಅದು ಕೆಲಸ ಮಾಡಲ್ಲ. ಜಿಡ್ಡಿನ ಊಟ ಅದನ್ನು ತಡ ಮಾಡುತ್ತದೆ, ಮನಸ್ಸಿನ ಪ್ರಚೋದನೆಯಿಲ್ಲದೆ ಅದು ಏಳಿಸುವುದೂ ಇಲ್ಲ. ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ಳುವವರು ಅದನ್ನು ಮುಟ್ಟಲೇಬಾರದು. ನೀವು ಹೃದಯದ ತಪಾಸಣೆ ಮಾಡಿಸಿದ್ದೀರೋ ಇಲ್ಲವೋ ಪತ್ರದಲ್ಲಿಲ್ಲ, ಮಾಡಿಸದಿದ್ದರೆ ಈ ವಾರವೇ ಹೋಗಿ. ಲಿಂಗದ ರಕ್ತನಾಳ ಹೃದಯದ ನಾಳಕ್ಕಿಂತ ಸಣ್ಣದು, ಕೊಬ್ಬು ಕಟ್ಟಿಕೊಂಡರೆ ಮೊದಲು ತೊಂದರೆ ಕಾಣಿಸುವುದು ಇಲ್ಲೇ, ಎದೆನೋವು ಬರುವುದು ಕೆಲವು ವರ್ಷ ಆದ ಮೇಲೆ.

ಲಿಂಗಕ್ಕೇ ಚುಚ್ಚಿಕೊಳ್ಳುವ ಇಂಜೆಕ್ಷನ್ ಬಗ್ಗೆ ಡಾಕ್ಟರು ಹೇಳಿದರಾ? ಅದರದ್ದೊಂದು ಕಥೆ ಹೇಳದೆ ಮುಂದೆ ಹೋಗೋಕೆ ಮನಸ್ಸಾಗುತ್ತಿಲ್ಲ. 1983ರಲ್ಲಿ ಲಾಸ್ ವೇಗಸ್ಸಿನಲ್ಲಿ ಯೂರಾಲಜಿಸ್ಟರ ದೊಡ್ಡ ಸಮ್ಮೇಳನ. ಬ್ರಿಟನ್ನಿನ ವಿಜ್ಞಾನಿ ಜೈಲ್ಸ್ ಬ್ರಿಂಡ್ಲಿ ಹೋಟೆಲ್ ರೂಮಿನಲ್ಲೇ ಔಷಧಿ ಚುಚ್ಚಿಕೊಂಡು ವೇದಿಕೆ ಹತ್ತಿದ, ಭಾಷಣದ ಕೊನೆಗೆ ಪ್ಯಾಂಟ್ ಇಳಿಸಿ, ಬೇಕಾದರೆ ಮುಟ್ಟಿ ನೋಡಿ ಅಂತ ಸಭಿಕರ ಕಡೆ ನಡೆದ. ಅಷ್ಟು ಧೈರ್ಯ ನಿಮ್ಮಿಂದ ಯಾರೂ ಕೇಳುತ್ತಿಲ್ಲ ಸರ್. ನಿಮ್ಮ ಅಡುಗೆಮನೆಯಲ್ಲಿ ಒಬ್ಬರ ಹತ್ತಿರ ಒಂದು ಮಾತು ಹೇಳಿ ಅಂತಷ್ಟೇ ನಾನು ಹೇಳುವುದು.

ನನಗೆ ಸಿಟ್ಟು ಬಂದಿದ್ದು ನಿಮ್ಮ ಹರ್ನಿಯಾ ಯೋಜನೆಗೆ. ಮೂವತ್ತು ವರ್ಷ ಸಂಸಾರ ಮಾಡಿದವಳು ಹೊಲಿಗೆ ಎಲ್ಲಿದೆ ಅಂತ ನೋಡುವುದಿಲ್ಲವೇ? ನಾಲ್ಕು ವರ್ಷದಿಂದ ನೀವು ಗೋಡೆ ಕಡೆ ತಿರುಗಿ ಮಲಗುವುದಕ್ಕೆ ಆಕೆ ಏನು ಕಾರಣ ಹುಡುಕಿಕೊಂಡಿದ್ದಾರೋ ನಿಮಗೆ ಗೊತ್ತಾ? ತಾನು ದಪ್ಪ ಆದೆ, ತನಗೆ ವಯಸ್ಸಾಯಿತು, ಇವರಿಗೆ ಬೇರೆ ಯಾರೋ ಇದ್ದಾರೆ... ಈ ಥರದ ಪತ್ರಗಳು ಹೆಂಗಸರಿಂದಲೂ ನನ್ನ ಮೇಜಿಗೆ ಬರುತ್ತವೆ. ಮೇಲಾಗಿ, ಆಕೆಗೆ ಬೇಕೋ ಬೇಡವೋ ಕೇಳದೆ ಇಷ್ಟೆಲ್ಲ ಖರ್ಚು ಮಾಡುವುದು ಎಲ್ಲಿಯ ನ್ಯಾಯ? ಮುಟ್ಟು ನಿಂತ ಮೇಲೆ ಆಕೆಗೂ ಒಣಗುವುದು, ಉರಿಯುವುದು ಇದ್ದರೆ ಅದಕ್ಕೂ ಮದ್ದು ಬೇಕು. ಡಾಕ್ಟರ ರೂಮಿನಲ್ಲಿ ಎರಡನೇ ಕುರ್ಚಿ ಇಟ್ಟಿರುವುದು ಬ್ಯಾಗ್ ಇಡೋಕಲ್ಲ.

ಹೀಗೆ ಬಾಯಿ ಮುಚ್ಚಿಕೊಳ್ಳುವ ನಾವು ಎಂಥ ಊರಲ್ಲಿದ್ದೇವೆ ನೋಡಿ. ಹೆಣ್ಣುಮಕ್ಕಳ ಶಿಕ್ಷಣಕ್ಕೆ ದುಡಿದ ಮಹರ್ಷಿ ಕರ್ವೆಯವರ ಮಗ ರಘುನಾಥ ಧೋಂಡೋ ಕರ್ವೆ 1921ರಲ್ಲೇ ಮುಂಬಯಿಯಲ್ಲಿ ಸಂತಾನ ನಿಯಂತ್ರಣದ ಕೇಂದ್ರ ತೆರೆದರು. ಕಾಲೇಜಿನ ಕೆಲಸ ಕಳೆದುಕೊಂಡರು. 1927ರಿಂದ 1953ರಲ್ಲಿ ಸಾಯುವ ತನಕ 'ಸಮಾಜಸ್ವಾಸ್ಥ್ಯ' ಅನ್ನುವ ಮರಾಠಿ ಮಾಸಿಕ ನಡೆಸಿದರು. 1934ರಲ್ಲಿ ಅವರ ಮೇಲೆ ಅಶ್ಲೀಲತೆಯ ಕೇಸು ಬಿದ್ದದ್ದು ಯಾಕೆ ಗೊತ್ತಾ? ಓದುಗರ ಲೈಂಗಿಕ ಪ್ರಶ್ನೆಗಳಿಗೆ ಪತ್ರಿಕೆಯಲ್ಲಿ ಉತ್ತರ ಕೊಟ್ಟದ್ದಕ್ಕೆ. ಅವರ ಪರ ವಾದ ಮಾಡಿದವರು ಡಾ. ಅಂಬೇಡ್ಕರ್. ಕರ್ವೆ ಕೇಸು ಸೋತರು, ದಂಡ ಕಟ್ಟಿದರು, ಮತ್ತೆ ಬರೆದರು. ಆಮೇಲೆ ಇದೇ ಊರಿನ ಇಂಗ್ಲಿಷ್ ಪತ್ರಿಕೆಯಲ್ಲಿ ಡಾ. ಮಹಿಂದರ್ ವತ್ಸಾ ಎಂಬತ್ತು ದಾಟಿದ ಮೇಲೆ ಇಂಥದ್ದೇ ಲೈಂಗಿಕ ಪ್ರಶ್ನೋತ್ತರದ ಅಂಕಣ ಶುರುಮಾಡಿದರು, 2020ರಲ್ಲಿ 96ನೇ ವಯಸ್ಸಿಗೆ ತೀರಿಕೊಂಡರು. ಮುಂಬಯಿ ಕನ್ನಡದಲ್ಲಿ ನಾವೇನು ಮಾಡಿದ್ದೇವೆ? ಸನ್ಮಾನದ ಫೋಟೋ, ರಾಶಿಫಲ, ಬಂಗುಡೆ ಗಸಿ ಮಾಡುವ ಬಗೆ.

ನಮ್ಮ ಸಂಘಗಳ ಉಚಿತ ಆರೋಗ್ಯ ತಪಾಸಣಾ ಶಿಬಿರಕ್ಕೆ ಹೋಗಿ ನೋಡಿ. ಬಿಪಿ ನೋಡುತ್ತಾರೆ, ಬೆರಳು ಚುಚ್ಚುತ್ತಾರೆ, ಕಣ್ಣು, ಹಲ್ಲು, ಪಾದ ಎಲ್ಲಾ ಆಯಿತು. 2023ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಶುಗರ್ ಇದೆ, ಅದು ಗಂಡಸರಿಗೆ ಈ ತೊಂದರೆ ತರುತ್ತದೆ ಅಂತ ಡಾಕ್ಟರಿಗೆ ಗೊತ್ತು, ಆದರೂ ಆ ಒಂದು ಪ್ರಶ್ನೆ ಫಾರಮ್ಮಿನಲ್ಲಿಲ್ಲ. ಕೇಳುವವರು ಯಾರು ಹಾಗಾದರೆ? ಲೋಕಲ್ ಟ್ರೇನಿನ ಡಬ್ಬಿಯಲ್ಲಿ ಗುಪ್ತರೋಗದ ಚೀಟಿ ಅಂಟಿಸುವವನು, ರಸ್ತೆ ಬದಿ ಟೆಂಟಿನಲ್ಲಿ ಬೇರು ಮಾರುವವನು. 1954ರ ಕಾನೂನು ಇಂಥ ಜಾಹೀರಾತುಗಳನ್ನು ನಿಷೇಧಿಸಿದೆ, ಚೀಟಿ ಮಾತ್ರ ಕಿಟಕಿಯ ಮೇಲೆ ಹಾಗೇ ಇದೆ. ಗಿಡಮೂಲಿಕೆ ಅಂತ ಮಾರುವ ಎಷ್ಟೋ ಪುಡಿಗಳಲ್ಲಿ ಹೆಸರು ಹೇಳದೆ ಸಿಲ್ಡೆನಾಫಿಲ್ಲೇ ಬೆರೆಸಿರುವುದು ಪರೀಕ್ಷೆಯಲ್ಲಿ ಸಿಕ್ಕಿದೆ, ಎದೆಯ ಮಾತ್ರೆ ನುಂಗುವವನ ಹೊಟ್ಟೆಗೆ ಅದು ಹೋದರೆ ಗತಿ ಏನು? ನಮ್ಮ ಪತ್ರಿಕೆಗೂ ಅಂಥ ಜಾಹೀರಾತು ಬರುತ್ತವೆ, ಒಳ್ಳೆ ದುಡ್ಡೂ ಕೊಡುತ್ತಾರೆ. ಹಾಕಲ್ಲ.

ನಿಮ್ಮ ವಿಷಯಕ್ಕೆ ಬರ್ತೀನಿ. ಮುಂದಿನ ಸಲ ಇಬ್ಬರೂ ಹೋಗಿ. ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡ್ತೀರಿ ಅಂತ ಡಾಕ್ಟರನ್ನೇ ಕೇಳಿ, ಈ ಪ್ರಶ್ನೆಗೆ ಮುನಿಸಿಕೊಳ್ಳುವವರ ಹತ್ತಿರ ಮಾಡಿಸಬೇಡಿ. ಮಾತ್ರೆ, ಇಂಜೆಕ್ಷನ್, ಹೊರಗಿನಿಂದ ಹಾಕಿ ರಕ್ತ ಎಳೆಯುವ ನಿರ್ವಾತ ಪಂಪು ಎಲ್ಲಾ ಸರಿಯಾಗಿ ನೋಡಿಯೂ ಆಗಲಿಲ್ಲ, ಮನೆಯವರೂ ಹೂಂ ಅಂದರು ಅಂತಾದರೆ ಧಾರಾಳವಾಗಿ ಮಾಡಿಸಿಕೊಳ್ಳಿ. ಗೆಳೆಯರಿಗೆ ಬೇಕಾದರೆ ಹರ್ನಿಯಾ ಅಂತಲೇ ಹೇಳಿ, ನನ್ನದೇನೂ ಅಡ್ಡಿ ಇಲ್ಲ.

ಮುಟ್ಟು ನಿಂತ ಮೇಲಿನ ದಾಂಪತ್ಯದ ಬಗ್ಗೆ ಮುಂದಿನ ಸಂಚಿಕೆಯಲ್ಲಿ ಹೆಂಗಸರ ಪತ್ರಗಳಿಗೆ ಉತ್ತರ ಇರುತ್ತದೆ. ಬರೆಯುವವರು 20ನೇ ತಾರೀಕಿನೊಳಗೆ ಬರೆಯಿರಿ. ದಯವಿಟ್ಟು ಪೋಸ್ಟ್ ಕಾರ್ಡ್ ಬೇಡ, ಲಕೋಟೆಯಲ್ಲಿ ಹಾಕಿ, ನಮ್ಮ ಬಿಲ್ಡಿಂಗಿನ ವಾಚ್‌ಮನ್ ಎಲ್ಲಾ ಓದುತ್ತಾನೆ.