ಅಪ್ಪನ ಹಳೇ ಸ್ಲೈಡ್‌ಗಳನ್ನು ಮನೆಯಲ್ಲೇ ಡಿಜಿಟಲ್ ಮಾಡಬಹುದೇ?

ನಿಮ್ಮ ತಂದೆಯವರು ತೆಗೆದ 500 ಸ್ಲೈಡ್‌ಗಳು, ಅಂದರೆ ಚಿಕ್ಕ ಚೌಕಟ್ಟಿಗೆ ಹಾಕಿದ ಬಣ್ಣದ ಫಿಲ್ಮ್ ತುಣುಕುಗಳು, ಟ್ರಂಕಿನಲ್ಲಿವೆ, ಸ್ಕ್ಯಾನರ್ ಕೊಳ್ಳಬೇಕಾ ಎಂದು ಕೇಳಿದ್ದೀರಿ. ಮನೆಯಲ್ಲಿ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಬೇಡ. ನಮ್ಮಪ್ಪನ ಸ್ಲೈಡ್‌ಗಳನ್ನೆಲ್ಲ ನಾನು ಕ್ಯಾಮೆರಾದಲ್ಲೇ ತೆಗೆದೆ.

ಅದಕ್ಕೂ ಮುಂಚೆ ಒಂದು ಮಾತು. ಯಾವ ಸ್ಲೈಡನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ನಮ್ಮೂರು ತೀರ್ಥಹಳ್ಳಿ ಕಡೆ. ಅಲ್ಲಿನ ಮಳೆಗೆ ಸ್ಲೈಡ್‌ಗಳ ಮೇಲೆ ಜೇಡರ ಬಲೆಯ ಹಾಗೆ ಬೂಷ್ಟು ಹಿಡಿದಿತ್ತು. ಒಂದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಅಜ್ಜಿಯ ಮುಖವೇ ಬಟ್ಟೆಗೆ ಬಂತು. ಅಜ್ಜಿಯ ಬಣ್ಣದ ಚಿತ್ರ ಅದೊಂದೇ ಇದ್ದದ್ದು. ಸ್ಲೈಡಿನ ಬಣ್ಣ ಇರುವುದು ಜೆಲಟಿನ್ ಪದರದಲ್ಲಿ. ಬೂಷ್ಟು ಅದನ್ನೇ ತಿಂದು ಬೆಳೆಯುತ್ತದೆ. ತಿಂದ ಜಾಗ ನೀರು ತಾಗಿದರೆ ಕರಗಿಬಿಡುತ್ತದೆ. ಕೈಯಲ್ಲಿ ಒತ್ತುವ ರಬ್ಬರ್ ಬ್ಲೋವರ್‌ನಿಂದ ಧೂಳು ಹಾರಿಸಿ, ಮೃದುವಾದ ಬ್ರಷ್ ಆಡಿಸಿ, ಸಾಕು. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಉಳಿದ ಕಲೆಯನ್ನು ಕಂಪ್ಯೂಟರ್‌ನಲ್ಲಿ ತೆಗೆಯಬಹುದು.

ಬೇಕಾದದ್ದು ಮ್ಯಾಕ್ರೋ ಲೆನ್ಸ್ (ತೀರ ಹತ್ತಿರದಿಂದ ತೆಗೆಯುವ ಲೆನ್ಸ್), ಟ್ರೈಪಾಡ್ ಮತ್ತು ಒಳ್ಳೆಯ ಎಲ್‌ಇಡಿ ಪ್ಯಾನೆಲ್. ಪ್ಯಾನೆಲ್‌ನ ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಳತೆ) 95ಕ್ಕಿಂತ ಜಾಸ್ತಿ ಇರಲಿ, ಇಲ್ಲದಿದ್ದರೆ ಮೈಬಣ್ಣ ಕೆಡುತ್ತದೆ. ಸ್ಲೈಡನ್ನು ಪ್ಯಾನೆಲ್ ಮೇಲೆ ನೇರವಾಗಿ ಇಡಬೇಡಿ, ಮೂರ್ನಾಲ್ಕು ಸೆಂಟಿಮೀಟರ್ ಎತ್ತರದಲ್ಲಿರಲಿ. ಆಗ ಪ್ಯಾನೆಲ್ ಮೇಲಿನ ಧೂಳು ಫೋಕಸ್‌ಗೆ ಬರುವುದಿಲ್ಲ. ನಾನು ಕಪ್ಪು ರಟ್ಟಿನಲ್ಲಿ ಕಿಟಕಿ ಕತ್ತರಿಸಿ ಅದರ ಮೇಲೆ ಇಟ್ಟೆ. ಸುತ್ತಲಿನ ಬೆಳಕನ್ನೂ ರಟ್ಟೇ ತಡೆಯುತ್ತದೆ.

ಕ್ಯಾಮೆರಾ ನೆಟ್ಟಗಿದೆಯಾ ಎಂದು ತಿಳಿಯುವುದು ಸುಲಭ. ಸ್ಲೈಡ್ ಇಡುವ ಜಾಗದಲ್ಲಿ ಚಿಕ್ಕ ಕನ್ನಡಿ ಇಡಿ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಡುಮಧ್ಯೆ ಕಂಡರೆ ಸರಿಯಾಗಿದೆ. ಕ್ಯಾಮೆರಾದ ಸೆಟ್ಟಿಂಗ್ ಹೀಗಿರಲಿ: ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100, ಲೆನ್ಸಿನ ರಂಧ್ರದ ಅಳತೆ ಎಫ್ 8, ಮ್ಯಾನುಯಲ್ ಫೋಕಸ್, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್), ಎರಡು ಸೆಕೆಂಡಿನ ಟೈಮರ್. ಚಿತ್ರದ ಬಿಳಿ ಭಾಗ ಬೆಳಕು ಹೆಚ್ಚಾಗಿ ವಿವರ ಕಳೆದುಕೊಳ್ಳದಂತೆ ನೋಡಿಕೊಳ್ಳಿ. ತೆಗೆದ ಫೋಟೋದಲ್ಲಿ ಒಮ್ಮೆ ಕಳೆದ ವಿವರ ವಾಪಸ್ ಬರುವುದಿಲ್ಲ.

ಹೊಳೆಯುವ ಬದಿ ಲೆನ್ಸಿನ ಕಡೆಗಿರಬೇಕು. ಮಾಸಲು ಬದಿ ಮೇಲಿದ್ದರೆ ಚಿತ್ರ ತಿರುಗುಮುರುಗಾಗುತ್ತದೆ. ಅಂಗಡಿ ಬೋರ್ಡಿನ ಅಕ್ಷರ, ಅಮ್ಮನ ಸೆರಗು ಯಾವ ಹೆಗಲ ಮೇಲಿದೆ ಎಂಬುದನ್ನು ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಕೊಡಾಕ್ರೋಮ್ (ಕೊಡಾಕ್ ಕಂಪನಿಯ ಹಳೇ ಬಣ್ಣದ ಫಿಲ್ಮ್) ಸ್ಲೈಡ್‌ಗಳಿದ್ದರೆ ಬೇರೆ ಇಡಿ. ಕತ್ತಲಲ್ಲಿಟ್ಟರೆ ಅವುಗಳ ಬಣ್ಣ ದಶಕಗಟ್ಟಲೆ ನಿಲ್ಲುತ್ತದೆ. ಆದರೆ ಪ್ರೊಜೆಕ್ಟರ್ ಬೆಳಕಿಗೆ ಬೇಗ ಮಾಸುತ್ತದೆ, ಹಾಗಾಗಿ ಗೋಡೆ ಮೇಲೆ ಹಾಕಿ ಮತ್ತೆ ಮತ್ತೆ ನೋಡಬೇಡಿ. ಸ್ಕ್ಯಾನರ್‌ಗಳ ಇನ್‌ಫ್ರಾರೆಡ್ ಧೂಳು ತೆಗೆಯುವ ಸೌಲಭ್ಯ ಈ ಫಿಲ್ಮ್ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೇರೆ ಕೆಲವು ಹಳೇ ಫಿಲ್ಮ್‌ಗಳು ಪೂರ್ತಿ ಗುಲಾಬಿಗೆ ತಿರುಗಿರುತ್ತವೆ. ಅವನ್ನು ಮೊದಲು ಮಾಡಿ ಮುಗಿಸಿ.

ನಿಮ್ಮ ತಾಯಿಗೆ ಎಂಬತ್ತು ದಾಟಿದೆ ಎಂದು ಬರೆದಿದ್ದೀರಿ ಅಲ್ವಾ? ಸ್ಕ್ಯಾನಿಂಗ್ ಪೂರ್ತಿ ಮುಗಿಯಲಿ ಎಂದು ಕಾಯಬೇಡಿ. ದಿನಕ್ಕೆ ಇಪ್ಪತ್ತು ಚಿತ್ರ ಮಾಡಿ, ಸಂಜೆ ಟಿವಿಯಲ್ಲಿ ಅವರಿಗೆ ತೋರಿಸಿ. ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ. ಸ್ಲೈಡಿನ ಮೌಂಟ್ (ಚೌಕಟ್ಟು) ಮೇಲೆ ತಂದೆಯವರು ಬರೆದ ಊರು, ತಾರೀಖು ಇದ್ದರೆ ಅದರದೂ ಒಂದು ಫೋಟೋ ತೆಗೆದಿಡಿ, ಅದು ಅವರ ಕೈಬರಹ. ನಮ್ಮಪ್ಪನ ಒಂದು ಸ್ಲೈಡಿನಲ್ಲಿ ತುಂಗಾ ನದಿಯ ದೋಣಿಯಲ್ಲಿ ಹನ್ನೊಂದು ಜನ ಇದ್ದಾರೆ. ಅಮ್ಮ ಒಂಬತ್ತು ಹೆಸರು ಹೇಳಿದರು. ಉಳಿದಿಬ್ಬರು ಯಾರೆಂದು ಅಪ್ಪನಿಗೆ ಮಾತ್ರ ಗೊತ್ತಿತ್ತು.