ಅಚ್ಚುಕಟ್ಟಿನ ಸ್ವಭಾವಕ್ಕೆ ಒಗ್ಗುವ ಕಲೆಯ ಕೆಲಸ

ಪ್ರಶ್ನೆ: ನನಗೆ 26 ವರ್ಷ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಯಾವ ಕೆಲಸವಾದರೂ ಕ್ರಮವಾಗಿ ನಡೆಯಬೇಕು, ಸಣ್ಣ ತಪ್ಪೂ ನನ್ನ ಕಣ್ಣು ತಪ್ಪುವುದಿಲ್ಲ. ಆದರೆ ಒಲವಿರುವುದು ಸಿನಿಮಾ, ಚಿತ್ರ, ಪುಸ್ತಕಗಳ ಕಡೆಗೆ. ಈಚೆಗೆ ತೆಗೆದುಕೊಂಡ ವೃತ್ತಿ ಆಸಕ್ತಿ ಪರೀಕ್ಷೆಯೊಂದು ನಾನು ‘ಕ್ರಮಬದ್ಧ’ ಗುಂಪಿನವನೆಂದೂ ‘ಕಲಾತ್ಮಕ’ ಗುಂಪು ಅದಕ್ಕೆ ಎದುರಿನದೆಂದೂ ಹೇಳಿತು. ಆಸೆ ಕೈಬಿಡಬೇಕೇ?

ಉತ್ತರ: ಕೈಬಿಡಬೇಕಾಗಿಲ್ಲ. ನೀವು ತೆಗೆದುಕೊಂಡದ್ದು ಬಹುಶಃ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ ಅವರ ಸಿದ್ಧಾಂತವನ್ನು ಆಧರಿಸಿದ ಪರೀಕ್ಷೆ. ಅವರು ಆರು ಬಗೆಯ ವೃತ್ತಿ ಆಸಕ್ತಿಗಳನ್ನು ಷಟ್ಕೋನದ ಆರು ಮೂಲೆಗಳಲ್ಲಿ ಇರಿಸಿದಾಗ ಕಲಾತ್ಮಕವೂ ಕ್ರಮಬದ್ಧವೂ ಎದುರುಬದುರಾದವು, ನಿಜ. ಆದರೆ ಆ ಪರೀಕ್ಷೆ ಅಳೆಯುವುದು ಮುಖ್ಯವಾಗಿ ಆಸಕ್ತಿಯನ್ನು, ಸಾಮರ್ಥ್ಯವನ್ನಲ್ಲ. ಫಲಿತಾಂಶವನ್ನೂ ಸಾಮಾನ್ಯವಾಗಿ ನಿಮ್ಮಲ್ಲಿ ಹೆಚ್ಚಾಗಿ ಕಂಡ ಮೂರು ಗುಂಪುಗಳನ್ನು ಸೂಚಿಸುವ ಮೂರು ಅಕ್ಷರಗಳ ಸಂಕೇತವಾಗಿ ಕೊಡುತ್ತಾರೆ. ಮೊದಲ ಅಕ್ಷರವನ್ನಷ್ಟೇ ಓದಿ ವರದಿಯನ್ನು ಮಡಚಿಡಬೇಡಿ.

ಕಲೆಯೆಂದರೆ ಥಟ್ಟನೆ ಹೊಳೆಯುವುದು ಎಂಬ ಕಲ್ಪನೆಯಿಂದ ಈ ಗೊಂದಲ ಹುಟ್ಟುತ್ತದೆ. ಹೊಳೆದದ್ದು ಮುಗಿದ ಕೃತಿಯಾಗುವವರೆಗಿನ ಉದ್ದನೆಯ ದಾರಿಯಲ್ಲಿ ದುಡಿಯುವವರು ಬಹುಪಾಲು ನಿಮ್ಮಂಥವರೇ. ಚಿತ್ರೀಕರಣದಲ್ಲಿ ಕಂಟಿನ್ಯುಟಿ, ಅಂದರೆ ಒಂದು ಶಾಟ್‌ಗೂ ಮುಂದಿನದಕ್ಕೂ ಇರಬೇಕಾದ ಹೊಂದಿಕೆ, ನೋಡಿಕೊಳ್ಳುವವರನ್ನೇ ಗಮನಿಸಿ. ಕಥೆಯ ಕ್ರಮದಲ್ಲಿ ಚಿತ್ರೀಕರಣ ನಡೆಯುವುದು ಅಪರೂಪ. ಬಾಗಿಲು ತೆರೆಯುವ ಶಾಟ್ ಇಂದು, ಒಳಗೆ ಕಾಲಿಡುವ ಶಾಟ್ ಮೂರು ವಾರಗಳ ನಂತರ. ನಟಿ ಲೋಟ ಹಿಡಿದದ್ದು ಎಡಗೈಯಲ್ಲೋ ಬಲಗೈಯಲ್ಲೋ, ಯಾವ ಮಾತಿಗೆ ಅದನ್ನು ಕೆಳಗಿಟ್ಟಳು, ಆಗ ನೀರು ಎಷ್ಟಿತ್ತು, ತೋಳಿನ ಮಡಿಕೆ ಎಷ್ಟು ಸುತ್ತು ಎಂಬುದನ್ನೆಲ್ಲ ಟೇಕ್ ಸಂಖ್ಯೆಯೊಂದಿಗೆ ಬರೆದಿಡುವವರು ಇವರು. ಆ ಟಿಪ್ಪಣಿ ಇಲ್ಲದಿದ್ದರೆ ಸಂಕಲನಕಾರನಿಗೆ ಎರಡು ಒಳ್ಳೆಯ ಶಾಟ್‌ಗಳನ್ನು ಜೋಡಿಸುವುದೂ ಕಷ್ಟ. ಆದರೆ ಬರೆದಿಟ್ಟರಷ್ಟೇ ಸಾಲದು, ಯಾವ ವ್ಯತ್ಯಾಸವನ್ನು ಪ್ರೇಕ್ಷಕ ಗಮನಿಸುತ್ತಾನೆ, ಯಾವುದನ್ನು ಬಿಟ್ಟುಬಿಡಬಹುದು ಎಂಬ ತೀರ್ಮಾನವೂ ಬೇಕು. ನನ್ನ ಮಟ್ಟಿಗೆ ಅದು ಕಲಾವಿದನ ತೀರ್ಮಾನವೇ.

ಅಕ್ಷರ ವಿನ್ಯಾಸವೂ, ಅಂದರೆ ಫಾಂಟ್ ರೂಪಿಸುವ ಕೆಲಸವೂ, ಹೀಗೆಯೇ. ಅಕ್ಷರ ಕೂರುವ ಚೌಕದ ಎತ್ತರವನ್ನು ಸಾಮಾನ್ಯವಾಗಿ 1000 ಘಟಕಗಳಾಗಿ ಭಾಗಿಸಿ, ಅಕ್ಷರಗಳ ನಡುವೆ ಹತ್ತಿಪ್ಪತ್ತು ಘಟಕಗಳಷ್ಟು ಅಂತರವನ್ನು ಕೂಡಿಸಿ ಕಳೆದು ನೋಡುತ್ತಾರೆ. ಕನ್ನಡದಲ್ಲಾದರೆ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ ನೋಡಿಕೊಳ್ಳುವುದೇ ಒಂದು ದೊಡ್ಡ ಕೆಲಸ. ಗಿಡದ ಕೇಸರಗಳನ್ನು ಎಣಿಸಿ, ಎಲೆಯನ್ನು ಅಳೆದು ಬರೆಯುವ ಸಸ್ಯಚಿತ್ರಣ, ಹಳೆಯ ಚಿತ್ರಪಟಗಳ ಸಂರಕ್ಷಣೆ, ಪುಸ್ತಕ ಸಂಪಾದನೆ ಇವನ್ನೂ ವಿಚಾರಿಸಿ ನೋಡಿ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ನಿಮ್ಮ ಸ್ವಭಾವದವರು ಮೊದಲ ಸಾಲು ಸರಿಯಾಗುವವರೆಗೆ ಎರಡನೆಯದಕ್ಕೆ ಹೋಗುವುದಿಲ್ಲ. ಕರಡು ಕೆಟ್ಟದಾಗಿದ್ದರೂ ಕೊನೆಯವರೆಗೆ ಮುಗಿಸಿ, ತಿದ್ದುವುದನ್ನು ಮರುದಿನಕ್ಕೆ ಇಟ್ಟುಕೊಳ್ಳುವ ಅಭ್ಯಾಸವನ್ನು ಈಗಿನಿಂದಲೇ ಮಾಡಿಕೊಳ್ಳಿ.

ಕೆಲಸ ಬಿಡುವ ಯೋಚನೆಯೂ ಸದ್ಯಕ್ಕೆ ಬೇಡ. ಈ ಭಾನುವಾರ ಯಾವುದಾದರೂ ಸಿನಿಮಾದ ಒಂದು ದೃಶ್ಯವನ್ನು ಧ್ವನಿಯಿಲ್ಲದೆ ಹಾಕಿ, ಪ್ರತಿ ಶಾಟ್‌ನಲ್ಲಿ ಕೈ, ಬಟ್ಟೆ, ವಸ್ತುಗಳು ಇರುವ ಸ್ಥಿತಿಯನ್ನು ಬರೆದುಕೊಳ್ಳುತ್ತಾ ಹೋಗಿ. ಹೊತ್ತು ಹೋದದ್ದೇ ತಿಳಿಯದಿದ್ದರೆ ಕಂಟಿನ್ಯುಟಿಯಲ್ಲಿ ಸಹಾಯಕರಾಗಿ ಸೇರಲು ಕಿರುಚಿತ್ರ ಮಾಡುವವರನ್ನು ಕೇಳಿ. ಹತ್ತೇ ನಿಮಿಷಕ್ಕೆ ಬೇಸರ ಬಂದರೆ ಅಕ್ಷರ ವಿನ್ಯಾಸದ ಕಡೆಗೆ ಹೊರಳಿ.